ಸಾಸವಡದ ಅಂಜೂರ

ಯುದ್ಧದ ದಿನಗಳಲ್ಲಿ ಪುಣೆಯ ಸದಾಶಿವ ಪೇಠದಲ್ಲಿ, ಹತ್ತಾರು ಬಾಡಿಗೆ ಸಂಸಾರಗಳಿದ್ದ ವಾಡೆಯೊಂದರಲ್ಲಿ ನಮ್ಮ ನೆರೆಮನೆಯವರಾಗಿದ್ದವರು ಧಾರವಾಡದ ಕಡೆಯ ಒಬ್ಬ ನಿವೃತ್ತ ಗುಮಾಸ್ತರು. ಮಾರುಕಟ್ಟೆಯಿಂದ ಬಂದವರೇ ಚೀಲ ತಲೆಕೆಳಗೆ ಮಾಡಿ ಕೊಡವಿ, ಉರುಳಿದ ಎರಡು ಬದನೆಕಾಯಿಗಳನ್ನು ನಮಗೆ ತೋರಿಸಿ, "ಇದು ಊರಲ್ರಿ, ಹಗಲುದರೋಡಿ!" ಎನ್ನುತ್ತಿದ್ದರು. ದಿನವೂ ಅದೇ ಮಾತು.

ಒಮ್ಮೆ ವಾಡೆಯ ಮಾಲೀಕರು, ಗುಮಾಸ್ತರ ಕೋಣೆಗೆ ಗಾಳಿ ಚೆನ್ನಾಗಿ ಬರುತ್ತದೆಂದು ಬಾಡಿಗೆ ಏರಿಸಿದರು. ಇವರು ಕಿಟಕಿಗೆ ಹಾಸಿಗೆ ತುರುಕಿ, ಈಗ ಬಾಡಿಗೆ ಇಳಿಸಿ ಎಂದರು. ಮಾಲೀಕರು ನಕ್ಕರು. ಸೆಕೆಗೆ ಬೆಂದ ಗುಮಾಸ್ತರು ಹೆಂಡತಿಯೊಡನೆ ಪುಣೆಯ ಹತ್ತಿರದ ಸಣ್ಣ ಊರು ಸಾಸವಡಕ್ಕೆ ಹೊರಟೇಬಿಟ್ಟರು.

ಆಮೇಲೆ ಬಂದಾಗಲೆಲ್ಲ ಬುಟ್ಟಿ ತುಂಬ ಅಂಜೂರ ತಂದು ಮನೆಮನೆಗೆ ಹಂಚಿ, ಅಲ್ಲಿಯ ಅಗ್ಗದ ಬಾಳು ಹೊಗಳುತ್ತಿದ್ದರು. ಅದನ್ನು ಕೇಳಿ ವಾಡೆಯ ಪೆನ್ಶನ್‌ದಾರರೆಲ್ಲ ಒಬ್ಬೊಬ್ಬರಾಗಿ ಸಾಸವಡ ಸೇರಿದರು.

ಮರುವರ್ಷ ಗುಮಾಸ್ತರು ಬರಿಗೈಯಲ್ಲಿ ಬಂದರು. "ಪುಣೆದವರು ಬಂದು ಸಾಸವಡ ಕೆಡಿಸಿಬಿಟ್ಟರ್ರಿ! ಬಾಡಿಗಿ ಮುಗಿಲು ಮುಟ್ಟೇದ."

"ಅವರನ್ನ ಕರಕೊಂಡು ಹೋದವರು ಯಾರ್ರಿ?" ಎಂದು ನನ್ನ ಹೆಂಡತಿ ಕೇಳಿದಳು.

ಅವರು ಕೊಟ್ಟ ಚಹಾ ಗಟಗಟನೆ ಕುಡಿದು ಮುಗಿಸಿದರು. ಆಮೇಲೆ ನನ್ನ ಕಿವಿಯಲ್ಲಿ, "ಇನ್ನೂ ದೂರದ ಊರು, ಇಂದಾಪುರಕ್ಕ ಹೊಂಟೀನಿ. ಯಾರಿಗೂ ಹೇಳಬ್ಯಾಡ್ರಿ" ಎಂದು ಪಿಸುಗುಟ್ಟಿ ಎದ್ದರು. ಹೊಸ್ತಿಲು ದಾಟಿದವರು ಮತ್ತೆ ತಿರುಗಿ ನಿಂತರು.

"ಆದ್ರ ನೀವು ಬರ್ರಿ. ಎಲ್ಲಾ ಅಗ್ಗ ಇರೋ ಊರಾಗ ಒಬ್ಬನೇ ಕೂತು ಯಾರನ್ನ ಬಯ್ಯಲಿ?"