ಕಂದು ಬಣ್ಣಕ್ಕೆ ತಿರುಗಿದ ನೀರು

ಅತ್ತೆಯ ಬಲಗಾಲಿನ ಹೆಬ್ಬೆರಳಿಗೆ ಜಾಲಿಮುಳ್ಳು ನೆಟ್ಟದ್ದು ಅವಳಿಗೇ ಗೊತ್ತಾಗಲಿಲ್ಲ. ಮೂರನೆಯ ದಿನ ಹಾಸಿಗೆಯ ಮೇಲೆ ಕೀವು ಕಂಡು ನಾನು ಚೀರಿದೆ. ಅತ್ತೆ ಎಂದರೆ ನನ್ನ ಗಂಡನ ತಾಯಿ, ನನ್ನ ಅಪ್ಪನ ಅಕ್ಕ. ಅವಳಿಗೆ ಸಕ್ಕರೆ ರೋಗವಿದೆಯೆಂದು ಆಗ ಯಾರಿಗೂ ತಿಳಿದಿರಲಿಲ್ಲ.

ನಮ್ಮೂರು ಸೋನ್ಯಾಳದಿಂದ ಚಕ್ಕಡಿ ಕಟ್ಟಿಸಿಕೊಂಡು ಜತ್ತದ ದವಾಖಾನೆಗೆ ಹೋದೆವು. ಸಂಸ್ಥಾನ ಹೋದರೂ ಜನ ಅದನ್ನಿನ್ನೂ ಸಂಸ್ಥಾನದ ದವಾಖಾನೆ ಎನ್ನುತ್ತಿದ್ದರು. ನಾನಾಗ ಏಳು ತಿಂಗಳ ಬಸುರಿ. ಗಾಡಿಯ ಕುಲುಕಾಟಕ್ಕೆ ಸುಸ್ತಾಗಿ ಹೊರಗೇ ಕೂತೆ. ಅತ್ತೆ ಒಬ್ಬಳೇ ಕಂಪೌಂಡರನ ಹತ್ತಿರ ಹೋಗಿ ಕಾಗದದ ಪುಡಿಕೆಯೊಂದನ್ನು ತಂದಳು. ಪರ್ಮ್ಯಾಂಗನೇಟ್. ಕಾಲರಾ ಬಂದಾಗ ಬಾವಿಗೆ ಹಾಕುತ್ತಿದ್ದ ಅದೇ ಹರಳು.

“ಒಂದ ಚಿಟಿಕಿ ನೀರಾಗ ಹಾಕಿ ಮೂರು ಹೊತ್ತು ಕಾಲ ನೆನಸಬೇಕಂತ,” ಎಂದಳು. ಅಷ್ಟೇ ಹೇಳಿದಳು.

ಬೆಳಿಗ್ಗೆ ಬೋಗುಣಿಯ ನೀರು ತಿಳಿಗುಲಾಬಿಯಾಗುವುದು ನೋಡಲು ಚಂದವಿತ್ತು. ಮಧ್ಯಾಹ್ನಕ್ಕೆ ಕಂದಾಗುತ್ತಿತ್ತು. ಚೆಲ್ಲಲು ಹೋದರೆ, “ಇರ್ಲಿ ಬಿಡ, ಔಷಧ ಇನ್ನೂ ಐತಿ ಅದರಾಗ,” ಎನ್ನುತ್ತಿದ್ದಳು. ಸಂಜೆಗೂ ಅದೇ ನೀರು. ಗಂಡ ಸೊಲ್ಲಾಪುರದ ಗಿರಣಿಯಲ್ಲಿದ್ದ. ನೀರು ಹೊರುವವಳು ನಾನೊಬ್ಬಳೇ, ಬಾವಿಗೆ ನಲವತ್ತು ಮೆಟ್ಟಿಲು. ನನಗೂ ಹಾಯೆನಿಸಿತು, ಸುಳ್ಳೇಕೆ ಹೇಳಲಿ.

ಹನ್ನೆರಡನೆಯ ದಿನ ಬೆರಳು ಕಪ್ಪಾಯಿತು.

ಮಿರಜಿನ ದೊಡ್ಡ ದವಾಖಾನೆಯಲ್ಲಿ ಡಾಕ್ಟರು ಸಕ್ಕರೆ ರೋಗ ಪತ್ತೆಹಚ್ಚಿ, ಬೆರಳು ಕೊಳೆತು ಗ್ಯಾಂಗ್ರೀನ್ ಆಗಿದೆ, ಕಾಲು ತೆಗೆಯಬೇಕು ಎಂದರು. “ಪ್ರತಿ ಸಲ ಹೊಸಾ ನೀರ ಮಾಡಿದ್ರೇನ್ರಿ? ಕಂದ ಆತಂದ್ರ ಅದರ ಶಕ್ತಿ ಹೋದಂಗ.” ಹೊಸ ನೀರು ಹಾಕಿದ್ದರೆ ಕಾಲು ಉಳಿಯುತ್ತಿತ್ತೇ ಎಂದು ಕೇಳಿದೆ. ಸಕ್ಕರೆ ರೋಗದವರ ವಿಷಯದಲ್ಲಿ ಹೇಳಲಿಕ್ಕಾಗದು ಎಂದರು. ಅದರಿಂದ ಸಮಾಧಾನವೇನೂ ಆಗಲಿಲ್ಲ.

ಮೊಣಕಾಲಿನ ಮೇಲಕ್ಕೆ ಕತ್ತರಿಸಿದರು.

ಆಪರೇಶನ್ ಆದ ಮೂರನೆಯ ದಿನ ಅವಳ ಮಂಚದ ಹತ್ತಿರ ಕೂತು ಬಿಕ್ಕಿದೆ. “ನಂದ ತಪ್ಪಾತು ಅತ್ತಿ. ಹಳೇ ನೀರ ಇಟ್ಟೆ.”

“ನಿಂದೇನ ತಪ್ಪ? ಹೊತ್ತಿಗೊಮ್ಮಿ ಹೊಸಾ ನೀರ ಅಂತ ಕಂಪೌಂಡರ ನನಗ ಹೇಳಿದ್ದ. ನಾನ ಆ ಮಾತ ನುಂಗಿದೆ. ತುಂಬಿದ ಬಸುರಿನ್ನ ಎಷ್ಟ ಸಲ ಬಾವಿಗೆ ಇಳಸಲಿ ಯವ್ವಾ?”

ಸಿಟ್ಟು ಬಂತು. ಇಷ್ಟು ದೊಡ್ಡ ಭಾರ ನನ್ನ ತಲೆಗೆ ಕಟ್ಟಲು ಇವಳಿಗೆ ಯಾರು ಹೇಳಿದ್ದರು? ಒಂದು ಮಾತು ಆಡಿದ್ದರೆ ನೆರೆಮನೆಯವರನ್ನಾದರೂ ಬೇಡುತ್ತಿದ್ದೆ. ಈಗಲೂ ಆ ಸಿಟ್ಟು ಪೂರ್ತಿ ಹೋಗಿಲ್ಲ.

ಹೆರಿಗೆಗೆ ತವರಿಗೆ ಹೋಗಲಿಲ್ಲ. ಮಗಳು ಹುಟ್ಟಿ ತಿಂಗಳಾಯಿತು; ಇಷ್ಟು ದಿನ ಸೂಲಗಿತ್ತಿ ಬಂದು ನೀರೆರೆದು ಹೋಗುತ್ತಿದ್ದಳು. ನಮ್ಮಲ್ಲಿ ಕೂಸಿಗೆ ಎರೆಯುವುದು ಅಜ್ಜಿಯ ಕೆಲಸ, ಕಾಲೆರಡನ್ನೂ ಚಾಚಿ ಅವುಗಳ ಮೇಲೆ ಮಲಗಿಸಿಕೊಳ್ಳಬೇಕು. ನಿನ್ನೆ ಅತ್ತೆ ತಾನೇ ಎರೆಯುತ್ತೇನೆಂದು ತೆವಳಿಕೊಂಡು ಬಚ್ಚಲಿಗೆ ಬಂದಳು. ಕೂತು, ಇದ್ದೊಂದು ಕಾಲು ಚಾಚಿ, ಅದರ ಪಕ್ಕದ ಖಾಲಿ ಜಾಗವನ್ನು ನೋಡಿದಳು.

ನಾನು ಅವಳ ಮಗ್ಗುಲಲ್ಲಿ ಕೂತು ನನ್ನದೊಂದು ಕಾಲನ್ನು ಜೋಡಿಸಿದೆ. ಎರಡರ ಮೇಲೆ ಕೂಸನ್ನು ಮಲಗಿಸಿದೆವು. ಅವಳು ನೀರು ಹಾಕಿದಳು.