ಶಿಫ್ಟ್ ಮುಗಿದ ಮೇಲೆ ಬರ್ತೀನಿ

ಭದ್ರಾವತಿಯ ಕ್ವಾರ್ಟರ್ಸಿನಲ್ಲಿ ನಾವಿದ್ದ ದಿನಗಳಲ್ಲಿ ಗಡಿಯಾರಕ್ಕಿಂತ ಕಾರ್ಖಾನೆಯ ಸೈರನ್ನಿಗೇ ಬೆಲೆ ಹೆಚ್ಚು. ಅದು ಕೂಗಿದರೆ ಅಪ್ಪನ ಶಿಫ್ಟ್ ಮುಗಿಯಿತೆಂದು ಲೆಕ್ಕ. ಸ್ವಲ್ಪ ಹೊತ್ತಿಗೆ ಸೈಕಲ್ ಬರುತ್ತಿತ್ತು, ಗ್ರೀಸಿನ ವಾಸನೆಯೊಂದಿಗೆ.

ನನಗಾಗ ಆರು ವರ್ಷ. ಆ ಬೇಸಿಗೆಯಲ್ಲಿ ಅಜ್ಜಿಗೆ ಹುಷಾರು ತಪ್ಪಿ, ಶಿವಮೊಗ್ಗದ ದೊಡ್ಡಾಸ್ಪತ್ರೆಗೆ ಶಿಫ್ಟ್ ಮಾಡಿದರು. ವಾರಕ್ಕೆಲ್ಲ ಅಜ್ಜಿ ನಗುತ್ತ ಮನೆಗೆ ಬಂದರು. ಹಾಗಾಗಿ ಶಿಫ್ಟ್ ಎಂದರೆ ಹೋಗಿ ಬರುವುದು ಎಂದೇ ನಾನು ತಿಳಿದಿದ್ದೆ.

ಅಪ್ಪನಿಗೆ ಶಿವಮೊಗ್ಗದಲ್ಲಿ ಬೇರೆ ಕೆಲಸ ಸಿಕ್ಕಿತು. ಮನೆ ಶಿಫ್ಟ್ ಮಾಡುವ ದಿನ ಪಕ್ಕದ ಮನೆಯ ಮಲರ್ ನಮ್ಮ ಜಗಲಿಯ ಮೇಲೆ ಕೂತು ಲಾರಿಗೆ ಸಾಮಾನು ತುಂಬುವುದನ್ನು ನೋಡುತ್ತಿದ್ದಳು. ಅವಳಮ್ಮ ದಾರಿಗೆಂದು ಹುಳಿಯನ್ನ ಕಟ್ಟಿಕೊಟ್ಟಿದ್ದರು. ಮನೆಯಲ್ಲಿ ತಮಿಳು ಆಡುತ್ತಿದ್ದ ಮಲರ್ ಕನ್ನಡ ಕಲಿತದ್ದು ನನ್ನ ಜೊತೆ ಕುಂಟೆಬಿಲ್ಲೆ ಆಡುತ್ತಲೇ.

"ಯಾವಾಗ ಬರ್ತೀಯ?" ಎಂದಳು.

"ಶಿಫ್ಟ್ ಮುಗಿದ ಮೇಲೆ."

"ಸೈರನ್ ಆದ್ಮೇಲಾ?"

"ಹ್ಞೂಂ. ಆದ್ರೆ ಇದು ಮನೆ ಶಿಫ್ಟಲ್ವಾ, ಸ್ವಲ್ಪ ದಿನ ಜಾಸ್ತಿ ಆಗ್ಬೋದು."

ಅವಳು ತಲೆಯಾಡಿಸಿದಳು. ಇಬ್ಬರೂ ಅಳಲಿಲ್ಲ.

ಶಿವಮೊಗ್ಗದ ಆಲ್ಕೊಳ ಬಡಾವಣೆಯ ಹೊಸ ಮನೆಯಲ್ಲಿ ಹತ್ತು ದಿನ ಕಳೆದ ಮೇಲೆ ಅಮ್ಮನನ್ನು ಕೇಳಿದೆ, "ನಮ್ಮ ಶಿಫ್ಟ್ ಯಾವಾಗ ಮುಗಿಯುತ್ತೆ?"

"ಮುಗೀತಲ್ಲೇ ಮಾರಾಯ್ತಿ, ಪಾತ್ರೆನೆಲ್ಲ ಜೋಡಿಸಿ ಆಯ್ತು."

"ಮತ್ತೆ ವಾಪಸ್ ಹೋಗೋದು?"

ಅಮ್ಮನ ನಗು ನಿಂತಿತು. ಹತ್ತಿರ ಕೂರಿಸಿಕೊಂಡು ನಿಧಾನವಾಗಿ ಬಿಡಿಸಿ ಹೇಳಿದಳು. ನಾನು ಊಟ ಬಿಟ್ಟೆ. ದಸರಾ ರಜೆಯಲ್ಲಿ ಕರೆದುಕೊಂಡು ಹೋಗುತ್ತೇನೆಂದು ಅಪ್ಪ ಮಾತು ಕೊಟ್ಟ ಮೇಲೇ ತಟ್ಟೆ ಮುಟ್ಟಿದ್ದು.

ಅಪ್ಪ ಮಾತು ಉಳಿಸಿಕೊಂಡರು. ಆದರೆ ಮಲರ್ ಮನೆಯ ಬಾಗಿಲು ತೆರೆದವರು ಯಾರೋ ಹೊಸಬರು. ಎದುರು ಮನೆಯ ನಾಗಮ್ಮತ್ತೆ ಹೊರಗೆ ಬಂದರು.

"ಅವ್ರು ಸೇಲಂ ಕಡೆ ತಮ್ಮೂರಿಗೇ ಹೊರಟೋದ್ರಮ್ಮ, ಹದಿನೈದು ದಿನ ಆಯ್ತು. ಆ ಹುಡುಗಿ ಇರೋವರ್ಗೂ ದಿನಾ ಸೈರನ್ ಆದ್ಕೂಡ್ಲೇ ನಿಮ್ಮ ಜಗಲಿ ಮೇಲೆ ಬಂದು ಕೂರ್ತಿತ್ತು. ನಾನು ಕರೆದ್ರೂ ಏಳ್ತಿರ್ಲಿಲ್ಲ."



ಈಗ ಯಾರನ್ನು ಬೇಕಾದರೂ ಫೋನಿನಲ್ಲೇ ಹುಡುಕಬಹುದು ಅನ್ನುತ್ತಾರೆ. ನಾನೂ ಎಷ್ಟೋ ಸಲ ಹುಡುಕಿದ್ದೇನೆ. ಮಲರ್ ಎಂಬ ಹೆಸರಿನವರು ಸಾವಿರಾರು ಮಂದಿ ಸಿಗುತ್ತಾರೆ. ಅವಳ ಪೂರ್ತಿ ಹೆಸರೇನು, ಅವಳಪ್ಪನ ಹೆಸರೇನು, ಒಂದೂ ಗೊತ್ತಿಲ್ಲ. ಆರು ವರ್ಷದವರಿಗೆ ಅದೆಲ್ಲ ಕೇಳಿಟ್ಟುಕೊಳ್ಳಬೇಕೆಂದು ಎಲ್ಲಿ ಹೊಳೆಯುತ್ತದೆ?