ಮೂರು ದೋಣಿಯ ಮೇಲೆ ಅಪ್ಪ

ಅಪ್ಪ ದೋಣಿ ತಂದ ದಿನ ಆಫೀಸಿನಿಂದ ಬಂದ ನಾನು ನಮ್ಮ ಮನೆಯ ಬಾಗಿಲನ್ನು ಹುಡುಕಬೇಕಾಯಿತು. ಬನಶಂಕರಿ ಎರಡನೇ ಹಂತದಲ್ಲಿ ಒಂದು ಸಣ್ಣ ಬಾಡಿಗೆ ಮನೆ ನಮ್ಮದು. ಮುಂದಿನ ಅಂಗಳದಲ್ಲಿ ಒಂದು ನುಗ್ಗೆ ಮರ, ಬಟ್ಟೆ ಒಗೆಯುವ ಕಲ್ಲು. ಆ ದಿನ ಎರಡೂ ಕಾಣಲಿಲ್ಲ. ಎರಡು ಚಕ್ರದ ಗಾಡಿಯ ಮೇಲೆ ಬಣ್ಣ ಎದ್ದುಹೋದ ಬಿಳಿ ದೋಣಿಯೊಂದು ಗೇಟಿನಿಂದ ಹೊಸ್ತಿಲವರೆಗೆ ಕೂತಿತ್ತು. ಅದರ ಎರಡೂ ಪಕ್ಕಕ್ಕೆ ಒಂದೊಂದು ಸಣ್ಣ ದೋಣಿ, ಕೋಳಿ ರೆಕ್ಕೆ ಮಡಿಸಿಕೊಂಡ ಹಾಗೆ.

"ಟ್ರೈಮರಾನ್," ಎಂದ ಅಪ್ಪ. ಆ ಮಾತನ್ನು ಬೆಳಗಿನಿಂದ ಅಭ್ಯಾಸ ಮಾಡಿದ್ದನೆಂದು ಕಾಣುತ್ತದೆ.

ಅಮ್ಮ ದೋಣಿಯ ಆಚೆ ಬದಿಯಿಂದ ಮಾತಾಡಿದಳು. "ಎರಡು ದೋಣಿ ಮೇಲೆ ಕಾಲಿಟ್ಟೋರನ್ನ ನೋಡಿದೀನಿ. ಮೂರರ ಮೇಲೆ ಇಡೋರು ನೀವೇ ಮೊದಲು."

"ಆಟೋಗೂ ಮೂರೇ ಚಕ್ರ ಕಣೇ," ಎಂದ ಅಪ್ಪ.

ಅಪ್ಪ ಇಪ್ಪತ್ತಾರು ವರ್ಷ ಸಿಟಿ ಬಸ್ಸು ಓಡಿಸಿದವನು. ಎಂಬತ್ತರ ದಶಕ ಆಗ ತಾನೇ ಶುರುವಾಗಿತ್ತು. ಆ ವರ್ಷ ಕಣ್ಣಿನ ಪರೀಕ್ಷೆಯಲ್ಲಿ ಫೇಲಾದ. ಇನ್ನು ಸ್ಟೀರಿಂಗ್ ಮುಟ್ಟುವ ಹಾಗಿಲ್ಲ, ಡಿಪೋದಲ್ಲಿ ಕೂತು ಮಾಡುವಂಥ ಕೆಲಸ ಕೊಡುತ್ತೇವೆ, ಒಪ್ಪಿಗೆಯಿದ್ದರೆ ಬರೆದುಕೊಡಿ ಎಂದರು. ಅಪ್ಪ ಬರೆದುಕೊಡಲಿಲ್ಲ. ಡಾಕ್ಟರಿಗೇ ಕಣ್ಣು ಸರಿಯಿಲ್ಲ ಎಂದು ಮನೆಯಲ್ಲಿ ಸಾರಿ, ಉಳಿದಿದ್ದ ರಜೆಯನ್ನೆಲ್ಲ ಸೇರಿಸಿ ಮೂರು ತಿಂಗಳು ಮನೆಯಲ್ಲಿ ಕೂತ. ರಜೆ ಮುಗಿಯುವುದರೊಳಗೆ ಇನ್ನೊಂದು ಪರೀಕ್ಷೆ ಕೇಳಿ ಪಾಸಾಗಿ ತೋರಿಸುತ್ತೇನೆ ಎಂಬುದು ಅವನ ಹಟ. ನಾನೂ ನಂಬಿದ್ದೆ. ಇಪ್ಪತ್ತಾರು ವರ್ಷ ಒಂದು ನಾಯಿಗೂ ಬಸ್ಸು ತಾಗಿಸದವನನ್ನು ಗೋಡೆಗೆ ಅಂಟಿಸಿದ ಅಕ್ಷರಗಳು ಮನೆಗೆ ಕಳಿಸುವುದೆಂದರೆ ನನಗೆ ಮೈ ಉರಿಯುತ್ತಿತ್ತು.

ದೋಣಿ ಜಯನಗರದಲ್ಲಿ ಬಾಡಿಗೆಗಿದ್ದ ಒಬ್ಬ ವಿದೇಶಿ ಇಂಜಿನಿಯರನದು. ಅವನು ದೇಶಕ್ಕೆ ಹೊರಟಿದ್ದ. ಮಂಚ, ಫ್ರಿಜ್ಜು, ನಾಯಿ ಎಲ್ಲಕ್ಕೂ ಗಿರಾಕಿ ಸಿಕ್ಕಿ ಇದೊಂದು ಉಳಿದಿತ್ತು. ಬೆಳಗಿನ ವಾಕಿಂಗಿನಲ್ಲಿ ಅಪ್ಪ ದಿನಾ ಅವನ ಗೇಟಿನ ಮುಂದೆ ನಿಲ್ಲುತ್ತಿದ್ದನಂತೆ. ಒಂದು ದಿನ ಆತ ಒಳಗೆ ಕರೆದ. ಅಪ್ಪನ ಇಂಗ್ಲಿಷು ಬಸ್ಸಿನೊಳಗೆ ಬೇಕಾದಷ್ಟೇ. ಕೇಳಿದ್ದು ಒಂದೇ ಪ್ರಶ್ನೆ: "ಲೈಸೆನ್ಸ್?" ಆತ "ನೋ ಲೈಸೆನ್ಸ್" ಎಂದ. ವ್ಯಾಪಾರ ಅಲ್ಲಿಗೆ ಮುಗಿಯಿತು.

ಮಾರನೆಯ ದಿನ ಅಪ್ಪ ರೆಕ್ಕೆಗಳನ್ನು ಬಿಚ್ಚಿ ನೋಡಿದ. ಬಿಚ್ಚಿದರೆ ಹದಿನಾಲ್ಕು ಅಡಿ ಅಗಲ. ಎಡಗಡೆಯದು ಕಾಂಪೌಂಡ್ ದಾಟಿ ಪಕ್ಕದ ಮನೆಯ ತುಳಸಿಕಟ್ಟೆಯ ಮೇಲೆ ಹೋಗಿ ನಿಂತಿತು. ಆ ಮನೆಯ ಆಂಟಿ ಒಳ್ಳೆಯವರು. ಸ್ವಲ್ಪ ಹೊತ್ತು ನೋಡಿ ಅದರ ಮೇಲೆ ಎರಡು ಟವಲ್ ಒಣಗಿಹಾಕಿದರು.

ನೀರು ಬೇಕಲ್ಲ. ಹತ್ತಿರದಲ್ಲಿ ಇದ್ದದ್ದು ಜರಗನಹಳ್ಳಿಯ ಪಕ್ಕದ ಸಾರಕ್ಕಿ ಕೆರೆ. ಅಲ್ಲಿ ಹೊಲ ಗದ್ದೆ ಇದ್ದ ಗೌಡರೊಬ್ಬರ ಟ್ರ್ಯಾಕ್ಟರ್ ಕೇಳಲು ಹೋದೆವು. ಅವರು ಜಗಲಿಯ ಮೇಲೆ ಕೂತು ವಿಚಾರಣೆ ನಡೆಸಿದರು.

"ಮೀನು ಹಿಡೀತೀರಾ?"

"ಇಲ್ಲ," ಎಂದ ಅಪ್ಪ.

"ಮಣ್ಣು ತೆಗೀತೀರಾ?"

"ಇಲ್ಲ."

"ಮತ್ತೇನ್ ಮಾಡ್ತೀರಾ?"

"ಈ ಕಡೆಯಿಂದ ಆ ಕಡೆ ಹೋಗ್ತೀವಿ. ಆಮೇಲೆ ಈ ಕಡೆ ಬರ್ತೀವಿ."

ಗೌಡರು ಯೋಚಿಸಿದರು. "ಸಿಟಿ ಬಸ್ ಥರ," ಎಂದರು. ಅಪ್ಪನಿಗೆ ಅವರ ಮೇಲೆ ಅಭಿಮಾನ ಹುಟ್ಟಿದ್ದು ಆಗಲೇ. ಗೌಡರು ಟ್ರ್ಯಾಕ್ಟರನ್ನೂ ಕೊಟ್ಟರು, ಕೆರೆಯ ದಡದ ಹೊಂಗೆ ಮರದ ಕೆಳಗೆ ದೋಣಿ ನಿಲ್ಲಿಸಿಕೊಳ್ಳಲು ಜಾಗವನ್ನೂ ಕೊಟ್ಟರು.

ಹೊರಡುವ ಮುಂಚೆ ಅಮ್ಮ ಪೂಜೆ ಮಾಡಿಸಿದಳು. ಗಾಡಿಯ ಚಕ್ರಗಳಿಗೆ ನಿಂಬೆಹಣ್ಣು, ಮೂರು ದೋಣಿಗೂ ಕುಂಕುಮ. ಬಸ್ಸಿನ ಬಂಪರಿಗೆ ಒಡೆದು ಅಭ್ಯಾಸವಾಗಿದ್ದ ಅಪ್ಪ ತೆಂಗಿನಕಾಯಿಯನ್ನು ದೋಣಿಯ ಮೂತಿಗೇ ಹೊಡೆಯಲು ಹೋದ. ಕೈ ಹಿಡಿದು ನಿಲ್ಲಿಸಿದೆ. ಅಷ್ಟು ದೂರದ ಸಮುದ್ರ ಕಂಡ ದೋಣಿ ನಮ್ಮ ಅಂಗಳದಲ್ಲಿ ಒಡೆಯುವುದು ತಪ್ಪಿತು.

ಇಂಜಿನಿಯರ್ ಒಂದು ದಪ್ಪ ಇಂಗ್ಲಿಷ್ ಪುಸ್ತಕ ಕೊಟ್ಟುಹೋಗಿದ್ದ. ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದ ತಪ್ಪಿಗೆ ಅದನ್ನು ಓದಿ ಹೇಳುವ ಕೆಲಸ ನನ್ನ ಕೊರಳಿಗೆ ಬಿತ್ತು. ಅದರಲ್ಲಿ ಒಂದೊಂದು ಹಗ್ಗಕ್ಕೂ ಒಂದೊಂದು ಹೆಸರು. ಎರಡು ಪುಟಕ್ಕೆ ಇಬ್ಬರಿಗೂ ಸಾಕಾಯಿತು. ನಮ್ಮ ಹೆಸರುಗಳನ್ನೇ ಇಟ್ಟೆವು: ಕಂಬ, ಹಗ್ಗ, ಗಾಳಿ ಹಿಡಿಯುವ ಹಾಯಿಗೆ ಬಟ್ಟೆ. ಹಿಂದೆ ದಿಕ್ಕು ತಿರುಗಿಸುವ ಮರದ ಹಿಡಿಗೆ ಹ್ಯಾಂಡಲ್. ಪಕ್ಕದ ಸಣ್ಣ ದೋಣಿಗಳು ಎಡಮರಿ, ಬಲಮರಿ.

"ಬ್ರೇಕ್ ಎಲ್ಲಿದೆ ನೋಡು," ಎಂದ ಅಪ್ಪ.

"ಬ್ರೇಕ್ ಇಲ್ಲಪ್ಪ. ನಿಲ್ಲಿಸ್ಬೇಕು ಅಂದ್ರೆ ಗಾಳಿ ಬರೋ ಕಡೆಗೆ ಮುಖ ತಿರುಗಿಸ್ಬೇಕಂತೆ."

"ಹಾರನ್?"

"ಅದೂ ಇಲ್ಲ."

"ಅದಕ್ಕೇ ಬಿಟ್ಟೋಗಿದಾನೆ," ಎಂದ.

ಮೊದಲ ಭಾನುವಾರ ದೋಣಿಯನ್ನು ನೀರಿಗಿಳಿಸಿದೆವು. ಪುಸ್ತಕದ ಚಿತ್ರದಲ್ಲಿ ಹ್ಯಾಂಡಲ್ ಹಿಡಿದವನು ಪಕ್ಕಕ್ಕೆ ವಾಲಿ ಕೂತಿದ್ದ. ಅಪ್ಪ ಅದನ್ನು ಒಪ್ಪಲಿಲ್ಲ. ಡ್ರೈವರ್ ಸೀಟಿನಲ್ಲಿ ಕೂರುವಂತೆ ನೆಟ್ಟಗೆ ಮುಂದಕ್ಕೆ ಮುಖ ಮಾಡಿ ಕೂತು, ಬೆನ್ನ ಹಿಂದಿದ್ದ ಹ್ಯಾಂಡಲನ್ನು ಕೈ ತಿರುಚಿ ಹಿಡಿದ. ಆ ಹ್ಯಾಂಡಲ್ ಬಲಕ್ಕೆ ತಳ್ಳಿದರೆ ದೋಣಿ ಎಡಕ್ಕೆ ಹೋಗುತ್ತದೆ. ಇಪ್ಪತ್ತಾರು ವರ್ಷ ಸ್ಟೀರಿಂಗ್ ಹಿಡಿದವನಿಗೆ ಇದೊಂದು ಅವಮಾನ. "ಮುಂದೆ ಕೂತ್ಕೊಂಡು ದಾರಿ ಹೇಳು, ಬಟ್ಟೆ ಅಡ್ಡ ಬರತ್ತೆ," ಎಂದು ನನ್ನನ್ನು ಮೂತಿಗೆ ಕಳಿಸಿದ. ಬಟ್ಟೆ ಅಡ್ಡ ಬರುತ್ತದೆ ಎಂಬುದನ್ನು ನಾನು ಪೂರ್ತಿ ನಂಬಿದೆ.

ಗಾಳಿ ಸಿಕ್ಕಿತು. ದೋಣಿ ಹೊರಟಿತು ಎನ್ನುವುದಕ್ಕಿಂತ ನಮ್ಮನ್ನು ಹೊತ್ತುಕೊಂಡು ಓಡಿತು ಎನ್ನಬೇಕು. ಎಡಗಡೆ ನೀರಿನಲ್ಲಿ ನಾಲ್ಕು ಎಮ್ಮೆ ಮಲಗಿದ್ದವು. ಬಲಕ್ಕೆ ತಿರುಗಿಸು ಎನ್ನಲು "ರೈಟ್! ರೈಟ್!" ಎಂದು ಕೂಗಿದೆ.

ನಮ್ಮ ಊರಿನಲ್ಲಿ ಬಸ್ಸು ಹತ್ತಿದ ಯಾರಿಗಾದರೂ ಗೊತ್ತು, ಕಂಡಕ್ಟರ್ ರೈಟ್ ಎಂದರೆ ಹೋಗು ಎಂದು ಅರ್ಥ. ಅಪ್ಪ ಆ ಶಬ್ದವನ್ನು ದಿನಕ್ಕೆ ನೂರಾರು ಸಲ ಕೇಳಿದವನು. ಹಗ್ಗ ಬಿಗಿಮಾಡಿ ನೇರವಾಗಿ ಬಿಟ್ಟ. ನಿಲ್ಲಿಸಲು "ಹೋಲ್ಡಾನ್" ಎನ್ನಬೇಕೆಂದು ನನಗೆ ಹೊಳೆಯುವಷ್ಟರಲ್ಲಿ ಎಡಮರಿ ಎಮ್ಮೆಗಳ ನಡುವೆ ನುಗ್ಗಿ ನಿಂತಿತು. ಎಮ್ಮೆಗಳು ಏಳಲಿಲ್ಲ. ಒಂದು ಮಾತ್ರ ತಲೆ ಎತ್ತಿ ನಮ್ಮ ಬಟ್ಟೆಯನ್ನು ನೋಡಿತು.

ದಡದಲ್ಲಿದ್ದ ಎಮ್ಮೆಯವನು ಕೂಗಿದ. "ಏನ್ ಸಾರ್, ಇಷ್ಟಿಷ್ಟು ದಪ್ಪ ಎಮ್ಮೆ ಕಾಣ್ಸಲ್ವಾ ನಿಮಗೆ?"

ಅಪ್ಪ ತಲೆ ತಗ್ಗಿಸಿ ಹಗ್ಗ ಬಿಡಿಸುತ್ತ ಕೂತ. ರಸ್ತೆಯಲ್ಲಾಗಿದ್ದರೆ ಅವನ ವಂಶವನ್ನೆಲ್ಲ ವಿಚಾರಿಸಿಕೊಳ್ಳುತ್ತಿದ್ದ. ನಾನು ಆ ಎಮ್ಮೆಯವನ ಜತೆ ಚೆನ್ನಾಗಿ ಜಗಳವಾಡಿದೆ. ತಪ್ಪು ನನ್ನದೇ, ನಾನು ಹೇಳಿದ ಮಾತು ಸರಿಯಿರಲಿಲ್ಲ ಎಂದು ಅಪ್ಪನಿಗೆ ಹೇಳಿದೆ.

ಆಮೇಲೆ ಮಾತುಗಳನ್ನು ಗೊತ್ತುಮಾಡಿಕೊಂಡೆವು. ರೈಟ್ ಎಂದರೆ ಹೋಗು, ಹೋಲ್ಡಾನ್ ಎಂದರೆ ಗಾಳಿಗೆ ಮುಖ ಮಾಡು, ಎಡ ಎಂದರೆ ಎಡ, ಬಲ ಎಂದರೆ ಬಲ. ಶನಿವಾರ ಅರ್ಧ ದಿನ ಆಫೀಸು ಮುಗಿಸಿ ಹೋಗುತ್ತಿದ್ದೆ, ಭಾನುವಾರ ಇಡೀ ದಿನ. ಆಷಾಢದ ಗಾಳಿ ಶುರುವಾಗುವ ಹೊತ್ತಿಗೆ ಅಪ್ಪ ಪಳಗಿಬಿಟ್ಟಿದ್ದ. ನೆಟ್ಟಗೆ ಕೂರುವುದನ್ನು ಬಿಟ್ಟು ಪಕ್ಕಕ್ಕೆ ತಿರುಗಿ ಕೂತ. ಗಾಳಿ ಯಾವಾಗ ಜೋರಾಗುತ್ತದೆ ಎಂಬುದು ಅವನಿಗೆ ನನಗಿಂತ ಮುಂಚೆ ತಿಳಿಯುತ್ತಿತ್ತು. ಬಲಮರಿ ನೀರು ಬಿಟ್ಟು ಮೇಲೇಳುವುದು, ಅಪ್ಪ ಅದನ್ನು ಹಾಗೇ ಗಾಳಿಯಲ್ಲಿ ಹಿಡಿದಿಡುವುದು. ದಡದಲ್ಲಿ ಕಾಲೇಜು ಹುಡುಗರು ನಿಂತು "ಸಖತ್ ಗುರು!" ಎಂದು ಕೂಗುತ್ತಿದ್ದರು. ಅಪ್ಪ ಕೇಳಿಸದವನಂತೆ ಇರುತ್ತಿದ್ದ. ಕಿವಿ ಕೆಂಪಾಗುತ್ತಿತ್ತು.

ನನಗೆ ಆ ದಿನಗಳಲ್ಲಿ ತುಂಬ ಸಂತೋಷವಾಗಿತ್ತು. ಹೀಗೆ ಓಡಿಸುವವನಿಗೆ ಕಣ್ಣಿಲ್ಲ ಎಂದವರನ್ನು ಕರೆತಂದು ದಡದಲ್ಲಿ ನಿಲ್ಲಿಸಬೇಕು ಅನ್ನಿಸುತ್ತಿತ್ತು. ಇನ್ನೊಮ್ಮೆ ಪರೀಕ್ಷೆ ಮಾಡಿ ಎಂದು ಅರ್ಜಿಯನ್ನೂ ಆಫೀಸಿನ ಮೆಷಿನ್ನಿನಲ್ಲಿ ಟೈಪ್ ಮಾಡಿ ತಂದಿಟ್ಟೆ. ಸಹಿ ಹಾಕಪ್ಪ ಎಂದರೆ, ಇರಲಿ ನೋಡೋಣ ಎನ್ನುತ್ತಿದ್ದ.

ರಜೆ ಮುಗಿಯುವ ಮುಂಚಿನ ಭಾನುವಾರ. ಗಾಳಿ ಚೆನ್ನಾಗಿತ್ತು. ಕೆರೆಯ ಆಚೆ ಬದಿಯ ಎತ್ತರದ ಆಪು ಹುಲ್ಲು ಹತ್ತಿರ ಬರುತ್ತಿತ್ತು, ತಿರುಗುವ ಹೊತ್ತು. ಹೇಳಲೆಂದು ಹಿಂದಕ್ಕೆ ತಿರುಗಿದೆ. ಅಷ್ಟು ವಾರಗಳಲ್ಲಿ ನಾನು ದೋಣಿ ಓಡುವಾಗ ಹಿಂದೆ ತಿರುಗಿ ಅವನ ಮುಖ ನೋಡಿದ್ದು ಅದೇ ಮೊದಲು. ಮುಂದೆ ನೋಡುವುದೇ ನನ್ನ ಕೆಲಸವಾಗಿತ್ತು.

ಅಪ್ಪ ಕಣ್ಣು ಮುಚ್ಚಿಕೊಂಡು ದೋಣಿ ನಡೆಸುತ್ತಿದ್ದ. ಕೆನ್ನೆ ಗಾಳಿಯ ಕಡೆಗಿತ್ತು. ಮುಖದಲ್ಲಿ ಯಾವ ಗಾಬರಿಯೂ ಇರಲಿಲ್ಲ.

"ಅಪ್ಪ, ಕಣ್ಣು ಬಿಡಪ್ಪ!" ಎಂದು ಕಿರುಚಿದೆ.

"ಬಿಟ್ರೂ ಅಷ್ಟೇ ಕಣಮ್ಮ," ಎಂದ. "ಎಡವಾ, ಬಲವಾ, ಅದು ಹೇಳು."

"ಎಡ," ಎಂದೆ. ತಿರುಗಿಸಿದ. ಅಷ್ಟು ಚೆಂದದ ತಿರುವನ್ನು ಅವನು ಅದಕ್ಕೆ ಮುಂಚೆ ಯಾವತ್ತೂ ತೆಗೆದುಕೊಂಡಿರಲಿಲ್ಲ. ಎಡಗಣ್ಣು ಪೂರ್ತಿ ಹೋಗಿದೆ, ಬಲಗಣ್ಣಿನಲ್ಲಿ ಎದುರಿಗೆ ಒಂದು ತಟ್ಟೆಯಷ್ಟು ಅಗಲ ಕಾಣುತ್ತದೆ, ಅದೂ ಮಸುಕು ಎಂದು ದಡ ಮುಟ್ಟುವುದರೊಳಗೆ ಹೇಳಿದ. ಬಸ್ಸಿನ ರೂಟ್ ಹೇಳುವ ದನಿಯಲ್ಲೇ ಹೇಳಿದ. ನಾನು ಮುಂದೆ ನೋಡುತ್ತ ಅತ್ತೆ. ದುಃಖದಷ್ಟೇ ಸಿಟ್ಟೂ ಇತ್ತು. ಅಷ್ಟು ದಿನ ಅವನ ಕಣ್ಣಾಗಿ ಕೂತಿದ್ದವಳಿಗೆ ಅವನಿಗೆ ಕಣ್ಣಿಲ್ಲ ಎನ್ನುವುದೇ ಕಂಡಿರಲಿಲ್ಲ.

ಹೊಂಗೆ ಮರದ ಕೆಳಗೆ ಹಗ್ಗ ಸುತ್ತುತ್ತ, "ಆ ಅರ್ಜಿ ಹರಿದುಹಾಕು. ಬೇರೆ ಬರಿ, ಸೋಮವಾರ ಡಿಪೋಗೆ ಕೊಡ್ತೀನಿ," ಎಂದ ಅಪ್ಪ.

ಸಂಜೆ ಅವನು ಹೇಳಿದಂತೆ ಬರೆದೆ. "ದೃಷ್ಟಿ ಕಡಿಮೆಯಾಗಿದೆ ಅಂತ ಹಾಕ್ಲಾ?" ಎಂದು ಮೆಲ್ಲಗೆ ಕೇಳಿದೆ.

"ಕಾಣಲ್ಲ ಅಂತ ಹಾಕು. ಯಾವ ಕೆಲಸ ಆಗತ್ತೋ ಅದು ಕೊಡ್ಲಿ."

ಹಾಕಿದೆ. ಕಾಗದವನ್ನು ಮೇಜಿನ ಮೇಲಿಟ್ಟು ಪೆನ್ನು ಕೊಟ್ಟೆ. ಅಮ್ಮನಿಗೆ ಇದನ್ನು ಹೇಗೆ ಹೇಳುವುದು, ಹೇಳಿದರೆ ತಡೆದುಕೊಳ್ಳುತ್ತಾಳಾ ಎಂದು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಅವಳೇ ಅಡುಗೆಮನೆಯಿಂದ ಬಂದಳು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಏನೂ ಕೇಳದೆ ಅಪ್ಪನ ಎಡಗೈ ಹಿಡಿದು, ತೋರುಬೆರಳನ್ನು ಕಾಗದದ ಕೆಳಗೆ ಸಹಿಯ ಜಾಗದಲ್ಲಿಟ್ಟು "ಇಲ್ಲಿ" ಎಂದಳು. ಅಪ್ಪನೂ ಏನೂ ಕೇಳದೆ ಆ ಬೆರಳಿನ ಪಕ್ಕಕ್ಕೆ ಪೆನ್ನು ತಂದು ನೆಟ್ಟಗೆ ಸಹಿ ಹಾಕಿದ. ಇಬ್ಬರಿಗೂ ಅದು ಎಷ್ಟೋ ದಿನದ ಅಭ್ಯಾಸ.

ನಾನು ಬಾಯಿ ಬಿಟ್ಟುಕೊಂಡು ಅಮ್ಮನನ್ನೇ ನೋಡಿದೆ.

"ಏನ್ ನೋಡ್ತೀಯ?" ಎಂದಳು. "ಹಾಲಿಟ್ಟಿದೀನಿ, ಉಕ್ಕತ್ತೆ. ಹೋಗು."